ನಿಖರ ಕೇಳಿದ ಎರಡನೆಯ ಪ್ರಶ್ನೆ

ತೆರೆಯ ಮೇಲೆ ಕಾಣುತ್ತಿದ್ದ ರಕ್ತದ ವರದಿ ತುಳಸವ್ವ ಕಮ್ಮಾರಳದಲ್ಲ ಎಂದು ಶಾಲ್ಮಲಾಗೆ ಅನ್ನಿಸಿದ್ದು ಬೆಳಗಿನ ಚಹಾ ಆರುವ ಮೊದಲೇ. ಆದರೆ ಆ ಕೋಣೆಯಲ್ಲಿ ಅನಿಸಿಕೆಗೆ ಬೆಲೆ ಇರಲಿಲ್ಲ. ತೆರೆಯ ಮೂಲೆಯಲ್ಲಿ ಹಸಿರು ಅಕ್ಷರಗಳು ನಿಶ್ಚಿಂತೆಯಿಂದ ಕೂತಿದ್ದವು: ‘ಗುರುತು ಖಚಿತ.’

ತುಳಸವ್ವ ಅರವತ್ತೈದು ದಾಟಿದ ಹೆಂಗಸು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು ಹಿಂದಿನ ಸಂಜೆ ಮಹಿಳಾ ವಾರ್ಡಿಗೆ ಸೇರಿದ್ದಳು. ಹಳೆಯ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್. ಅಂಥವಳ ರಕ್ತದಲ್ಲಿ, ಕಳೆದ ಕೆಲವು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಕಾಲೇಜು ಹುಡುಗಿಯರಿಗೆ ಬರುವಂಥ ಅಂಕಿ ಕೊಟ್ಟಿತ್ತು. ರಕ್ತದ ಗುಂಪು ಬಿ ಪಾಸಿಟಿವ್. ಮಧ್ಯಾಹ್ನದ ಶಸ್ತ್ರಚಿಕಿತ್ಸೆಗೆಂದು ರಕ್ತನಿಧಿಯ ಕಪಾಟು ಬಿ ಗುಂಪಿನ ಚೀಲಗಳನ್ನು ತಾನಾಗಿಯೇ ತೆಗೆದಿರಿಸಿಯೂ ಆಗಿತ್ತು.

ಸಕ್ಕರೆಯ ಅಂಕಿ ತಪ್ಪಿದ್ದರೆ ತಿದ್ದಿಕೊಳ್ಳಬಹುದು. ಆದರೆ ಕೊಳವೆಯೊಳಗಿನ ರಕ್ತವೇ ಇನ್ನೊಬ್ಬರದಾಗಿದ್ದರೆ ಗುಂಪೂ ಇನ್ನೊಬ್ಬರದೇ. ಹೊಂದದ ರಕ್ತ ಮೈಯೊಳಗೆ ಇಳಿದರೆ ಮೈ ಅದನ್ನು ವೈರಿಯೆಂದು ಬಗೆದು ಒಡೆದು ಹಾಕುತ್ತದೆ. ಚಳಿ ಹುಟ್ಟುತ್ತದೆ, ಮೂತ್ರ ಕಪ್ಪಾಗುತ್ತದೆ, ಮೂತ್ರಪಿಂಡಗಳು ಕೈಚೆಲ್ಲುತ್ತವೆ. ಆಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ.

ಶಾಲ್ಮಲಾ ಹಂಚಿನಮನಿ ಆ ಆಸ್ಪತ್ರೆಯ ರಕ್ತದ ಮಾದರಿಗಳ ಮೇಲೆ ಕಣ್ಣಿಡುವ ಕಾವಲು ಕೋಣೆಯ ಮೇಲ್ವಿಚಾರಕಿ. ಪ್ರಯೋಗಾಲಯದ ತಪ್ಪುಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ಹೊರಗೇ ಹುಟ್ಟುತ್ತವೆ ಎಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು. ಯಂತ್ರಗಳು ರಕ್ತವನ್ನು ಸರಿಯಾಗಿಯೇ ಅಳೆಯುತ್ತಿದ್ದವು. ಆದರೆ ಅವಸರದ ನರ್ಸು ಒಬ್ಬರ ಚೀಟಿಯನ್ನು ಇನ್ನೊಬ್ಬರ ಕೊಳವೆಗೆ ಅಂಟಿಸಿರುತ್ತಿದ್ದಳು. ಸಲೈನ್ ಏರುತ್ತಿದ್ದ ಕೈಯಿಂದಲೇ ರಕ್ತ ತೆಗೆದಿರುತ್ತಿದ್ದರು. ಹಾಸಿಗೆಯ ನಂಬರು ನೋಡಿ ಚುಚ್ಚಿದರೆ, ಆ ಹಾಸಿಗೆಯಲ್ಲಿ ರೋಗಿಯ ಬದಲು ಅವಳನ್ನು ನೋಡಲು ಬಂದ ನಾದಿನಿ ಕಾಲು ಚಾಚಿ ಮಲಗಿರುತ್ತಿದ್ದಳು.

ಇದಕ್ಕೆಲ್ಲ ಮದ್ದಾಗಿ ಬಂದದ್ದು ನಿಖರ. ಸೊಂಟದೆತ್ತರದ, ಗಾಲಿಯ ಮೇಲೆ ಓಡಾಡುವ, ಒಂದೇ ತೋಳಿನ ಯಂತ್ರ. ವಾರ್ಡಿನವರು ಅದಕ್ಕೆ ಸೊಳ್ಳಿ ಎಂದು ಹೆಸರಿಟ್ಟಿದ್ದರು. ಅದು ರೋಗಿಯ ಬಳಿ ನಿಂತು ಎರಡೇ ಪ್ರಶ್ನೆ ಕೇಳುತ್ತಿತ್ತು. ಮೊದಲನೆಯದು ಹೆಸರು. ಎರಡನೆಯದು, ಸೇರುವಾಗ ಬರೆಸಿದ ತಂದೆಯ ಅಥವಾ ಗಂಡನ ಹೆಸರು. ಎರಡೂ ಉತ್ತರ ಸರಿಯಾದರೆ, ಎರಡನೆಯ ಉತ್ತರ ಬಂದ ದಿಕ್ಕಿಗೆ ತೋಳು ಚಾಚಿ, ಚರ್ಮದಡಿಯ ರಕ್ತನಾಳವನ್ನು ಬೆಳಕಿನಿಂದ ಹುಡುಕಿ, ನೋವಾಗದಂತೆ ಸೂಜಿ ಇಳಿಸುತ್ತಿತ್ತು. ರಕ್ತ ತುಂಬುತ್ತಿರುವಾಗಲೇ ಕೊಳವೆಯ ಗಾಜಿನ ಮೇಲೆ ಹೆಸರು ಕೊರೆದುಬಿಡುತ್ತಿತ್ತು. ಹಾಸಿಗೆಯನ್ನು ನಂಬಬೇಡ, ಧ್ವನಿಯನ್ನು ನಂಬು ಎಂಬುದು ಅದನ್ನು ಕಟ್ಟಿದವರ ಸೂತ್ರ. ಹೆಂಗಸರ ವಾರ್ಡಿನಲ್ಲಿ ಕ್ಯಾಮೆರಾ ಬೇಡವೆಂದಾಗಿತ್ತು. ಕೇಳಿದ ಧ್ವನಿಯನ್ನೂ ಆ ಕ್ಷಣವೇ ಅಳಿಸಬೇಕು ಎಂಬ ನಿಯಮವಿತ್ತು. ಉಳಿಯುತ್ತಿದ್ದದ್ದು ‘ಉತ್ತರ ಸರಿ’ ಎಂಬ ಎರಡು ಪದಗಳು ಮಾತ್ರ.

ಅದು ಬಂದಮೇಲೆ ಮಾದರಿ ಅದಲುಬದಲಾದ ಒಂದು ಪ್ರಕರಣವೂ ವರದಿಯಾಗಿರಲಿಲ್ಲ. ನರ್ಸುಗಳು ರಕ್ತ ತೆಗೆಯುವಾಗ ಹತ್ತಿರ ನಿಲ್ಲುವುದನ್ನೂ ಬಿಟ್ಟಿದ್ದರು. ಎಲ್ಲರೂ ನೆಮ್ಮದಿಯಾಗಿದ್ದರು, ಶಾಲ್ಮಲಾ ಒಬ್ಬಳನ್ನು ಬಿಟ್ಟು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಜಾತಿಯ ಹೆಂಗಸು ಅವಳು.

ಅವಳು ಮುಖ್ಯಸ್ಥ ಡಾಕ್ಟರ್ ಹೇಮಂತ ಬಳಿಗಾರರ ಕೋಣೆಗೆ ಹೋದಳು.

“ಸರ್, ಈ ಮಾದರಿ ತುಳಸವ್ವಂದಲ್ಲ ಅನಸ್ತದ.”

ಬಳಿಗಾರರು ತೆರೆ ನೋಡಿದರು. “ಖಚಿತ ಅಂತ ಬರದದಲ್ಲ?”

“ಸಕ್ಕರಿ ನೋಡ್ರಿ. ಇನ್ಸುಲಿನ್ ತಗೊಳ್ಳಾಕಿ ರಕ್ತ ಹಿಂಗ ಇರ್ತದೇನ್ರಿ?”

“ಪಥ್ಯ ಮಾಡಿರಬೇಕು.”

“ಸರ್!”

“ಮೇಡಂ, ನಿಮಗ ಮನ್ಯಾಗ ಹಾಲು ಉಕ್ಕಿದರೂ ಯಾರೋ ಒಳಸಂಚು ಮಾಡ್ಯಾರ ಅನಸ್ತದ.” ಅವರು ನಕ್ಕರು. ಆಮೇಲೆ ಅವಳ ಮುಖ ನೋಡಿ ನಗು ಇಳಿಸಿದರು. “ಆತು. ಇನ್ನೊಮ್ಮೆ ತಗಸ್ರಿ. ಹೆಂಗೂ ಗುಂಪು ಎರಡು ಸಲ ನೋಡಬೇಕು ಅಂತ ನಿಯಮ ಅದ.”

ನಿಖರ ಮತ್ತೆ ವಾರ್ಡಿಗೆ ಉರುಳಿತು. ಶಾಲ್ಮಲಾ ತೆರೆಯ ಮುಂದೆ ಉಗುರು ಕಚ್ಚುತ್ತ ಕೂತಳು. ಪ್ರಶ್ನೆ ಒಂದು, ಉತ್ತರ ಸರಿ. ಪ್ರಶ್ನೆ ಎರಡು, ಉತ್ತರ ಸರಿ. ಹೊಸ ಕೊಳವೆ ಬಂತು, ಯಂತ್ರದೊಳಗೆ ಹೋಯಿತು. ಅದೇ ಸಕ್ಕರೆ. ಅದೇ ಬಿ ಪಾಸಿಟಿವ್.

ಅವಳು ವಾರ್ಡಿನ ನರ್ಸಿಗೆ ಫೋನ್ ಮಾಡಿದಳು. “ಸಿಸ್ಟರ್, ತುಳಸವ್ವನ ಕೈಯಿಂದನ ತಗೊಂತೇನ್ರಿ? ನೀವು ನೋಡಿದ್ರೇನು?”

“ನೋಡೂದೇನೈತ್ರಿ ಮೇಡಂ? ಅದು ನಿಖರ ಐತಿ,” ಎಂದಳು ನರ್ಸು, ಸೂರ್ಯ ಹುಟ್ಟಿದ್ದನ್ನು ನೋಡಿದಿರಾ ಎಂದು ಯಾರೋ ಕೇಳಿದಂತೆ.

ಬಳಿಗಾರರು ಈ ಸಲ ನಗಲಿಲ್ಲ. “ಎರಡು ಸಲ ಒಂದ ಬಂತು. ಇನ್ನ ಮುಗೀತು ಮೇಡಂ. ಹಳೇ ಡಾಕ್ಟರ ಯಾರೋ ಸುಮ್ಮನ ಸಕ್ಕರಿ ರೋಗ ಅಂತ ಬರದಿರಬೇಕು. ಹೋಗಿ ಊಟಾ ಮಾಡಿ ಬರ್ರಿ.”

ಎರಡನೆಯ ಪರೀಕ್ಷೆ ಅವಳ ಸಂಶಯವನ್ನು ಕಳೆಯುವ ಬದಲು ಅದರ ಬಾಯಿ ಕಟ್ಟಿಹಾಕಿತ್ತು. ಈಗ ಅವಳ ಕೈಯಲ್ಲಿ ವಾದವೇ ಇರಲಿಲ್ಲ.

ಮನೆ ಆಸ್ಪತ್ರೆಯ ಹಿಂದಿನ ವಸತಿಗೃಹಗಳಲ್ಲಿತ್ತು. ಒಳಗೆ ಕಾಲಿಟ್ಟಾಗ ಅತ್ತೆ ಶಾಂತವ್ವ ಪಡಸಾಲೆಯಲ್ಲಿ ಫೋನನ್ನು ಕನ್ನಡಿಯಂತೆ ಮುಖದ ಮುಂದೆ ಹಿಡಿದು ಕೂತಿದ್ದಳು. ಪಿಂಚಣಿ ಕಚೇರಿಯ ಯಂತ್ರ ಅವಳು ಬದುಕಿದ್ದಾಳೆಯೇ ಎಂದು ವಿಚಾರಿಸಲು ಕರೆ ಮಾಡಿತ್ತು.

“ನಿಮ್ಮ ಹೆಸರನ್ನು ಹೇಳಿ,” ಎಂದಿತು ಅದು, ಸೋಪು ಹಚ್ಚಿದಂಥ ದನಿಯಲ್ಲಿ.

“ಶಾಂತವ್ವ.”

“ಧನ್ಯವಾದ. ನಿಮ್ಮ ಪತಿಯ ಹೆಸರನ್ನು ಹೇಳಿ.”

ಶಾಂತವ್ವ ಸೆರಗನ್ನು ಬಾಯಿಗೆ ಹಿಡಿದು ಅಡುಗೆಮನೆಯ ಕಡೆ ತಿರುಗಿದಳು. ಶಾಲ್ಮಲಾ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದವಳು ತಲೆ ಎತ್ತದೆಯೇ ಕೂಗಿದಳು: “ಗುರುಸಿದ್ದಪ್ಪ.”

“ಧನ್ಯವಾದ. ನಿಮ್ಮ ಗುರುತು ಖಚಿತವಾಗಿದೆ.”

“ನೋಡವಾ, ಮಾವನ ಹೆಸರ ಹೆಂಗ ಸೊಸಿ ನೀರ ಕುಡದಂಗ ಹೇಳತಾಳ,” ಎಂದಳು ಶಾಂತವ್ವ ಮೆಚ್ಚುಗೆ ಆಕ್ಷೇಪ ಎರಡೂ ಬೆರೆಸಿ. “ನೀ ಕಲತಾಕಿ. ನಿನಗ ತಟ್ಟಾಂಗಿಲ್ಲ ಬಿಡು.”

ಶಾಲ್ಮಲಾಳ ಕೈಯಲ್ಲಿ ಮುಚ್ಚಳ ಹಾಗೆಯೇ ಉಳಿಯಿತು. ಆವಿ ಮುಖಕ್ಕೆ ಹೊಡೆಯುತ್ತಿತ್ತು.

“ಅತ್ತಿ,” ಎಂದಳು ಮೆಲ್ಲಗೆ. “ನಾ ಮನ್ಯಾಗ ಇಲ್ಲದಾಗ ಅದು ಕೇಳಿದರ?”

“ಬಾಜೂ ಮನಿ ಈರವ್ವ ಹೇಳತಾಳ. ಯಾಕ?”

ಶಾಲ್ಮಲಾ ಮುಚ್ಚಳವನ್ನು ಪಾತ್ರೆಯ ಮೇಲೆ ಮರಳಿ ಇಟ್ಟಳು. ಇಷ್ಟು ವರ್ಷ ಈ ಮನೆಯಲ್ಲಿ ಅತ್ತೆಯ ಬದಲು ಮಾವನ ಹೆಸರು ಹೇಳುತ್ತ ಬಂದಿದ್ದಳು. ಯಾರೋ ಕೆಮ್ಮಿದರೆ ನೀರು ಕೊಡುವಷ್ಟು ಸಹಜವಾಗಿ. ಮಹಿಳಾ ವಾರ್ಡಿನಲ್ಲಿ ಮಂಚಗಳ ನಡುವೆ ಒಂದು ಸ್ಟೂಲಿನಷ್ಟೂ ಜಾಗವಿರಲಿಲ್ಲ. ಆ ಇಕ್ಕಟ್ಟಿನಲ್ಲಿ ನಿಖರ ನಿಲ್ಲುತ್ತದೆ. ಕೇಳುತ್ತದೆ. ತುಳಸವ್ವ ಸೆರಗು ಬಾಯಿಗೆ ಹಿಡಿಯುತ್ತಾಳೆ. ಪಕ್ಕದ ಮಂಚದಿಂದ ಯಾರೋ ಕರುಣೆಯಿಂದ ಉತ್ತರ ಹೇಳುತ್ತಾರೆ. ಉತ್ತರ ಸರಿ. ತೋಳು ಆ ಧ್ವನಿಯ ಕಡೆಗೆ ತಿರುಗುತ್ತದೆ.

ಎರಡನೆಯ ಸಲವೂ ಪಕ್ಕದವಳೇ ಹೇಳಿದ್ದರೆ ಎರಡೂ ಮಾದರಿ ಒಂದೇ ಬರುತ್ತದೆ. ಬಂದಿತ್ತು.

ಅವಳು ಶಸ್ತ್ರಚಿಕಿತ್ಸೆಯ ಕೋಣೆಗೆ ಫೋನ್ ಹಚ್ಚಿದಳು. ಯಾರೂ ಎತ್ತಲಿಲ್ಲ. ಬಳಿಗಾರರಿಗೆ ಹಚ್ಚಿದಳು. “ಗಂಡನ ಹೆಸರು? ಏನು ಹೇಳಾಕತ್ತೀರಿ ಮೇಡಂ, ಈ ಕಾಲದಾಗ?” ಎಂದರು ಅವರು. ಮತ್ತೆ ವಿವರಿಸಲು ಅವಳಿಗೆ ಉಸಿರಿರಲಿಲ್ಲ. ಚಪ್ಪಲಿ ಹುಡುಕುತ್ತ ನಿಲ್ಲದೆ ಓಡಿದಳು.

ಓಡುವ ದಾರಿಯಲ್ಲೇ ಪ್ರಯೋಗಾಲಯ. ಹೊಸಬರಿಗೆ ಪಾಠ ಹೇಳಲೆಂದು ಫ್ರಿಜ್ಜಿನಲ್ಲಿ ಇಟ್ಟಿದ್ದ ನೀಲಿ, ಹಳದಿ ದ್ರವದ ಪುಟ್ಟ ಸೀಸೆಗಳನ್ನೂ ಒಂದು ಗಾಜಿನ ಪಟ್ಟಿಯನ್ನೂ ಸೂಜಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು. ವಾರ್ಡಿನಲ್ಲಿ ತುಳಸವ್ವನ ಮಂಚ ಖಾಲಿ ಇತ್ತು. ಪಕ್ಕದ ಮಂಚದ ಮೇಲೆ ಐವತ್ತರ ಆಸುಪಾಸಿನ ದುಂಡು ಮುಖದ ಹೆಂಗಸೊಬ್ಬಳು ಮೋಸಂಬಿ ಸುಲಿಯುತ್ತಿದ್ದಳು.

“ತುಳಸವ್ವ ಎಲ್ಲಿ?”

“ಈಗ ಒಯ್ದ್ರಲ್ಲ. ಮಧ್ಯಾಹ್ನ ಅಂದಿದ್ರು. ಮಾರಿ ಬೆಳ್ಳಗಾತು ಅಂತ ಲಗೂನ ಒಯ್ದ್ರು.”

“ನಿಮ್ಮ ಕೈ ತೋರಸ್ರಿ.”

ಹೆಂಗಸು ಗಾಬರಿಯಾಗಿ ಕೈ ಚಾಚಿದಳು. ಮೊಣಕೈಯ ಮಡಿಕೆಯಲ್ಲಿ ಹತ್ತಿಯ ಉಂಡೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು.

“ಇಷ್ಟ್ಯಾಕ ಚುಚ್ಚೇತಿ ನಿಮಗ?”

“ನನಗೇನ ಗೊತ್ತರಿ? ನಂದೊಮ್ಮೆ ತಗೊಂತು. ಆಮ್ಯಾಲ ತುಳಸಕ್ಕನ್ನ ಮಾತಾಡಸಾಕ ಬಂದು ನನಗ ಚುಚ್ಚಿತು. ಮುಂಜಾನಿ ಮತ್ತ ಬಂತು, ಮತ್ತ ನನಗ ಚುಚ್ಚಿತು. ನನ್ನ ರಕ್ತದ ರುಚಿ ಹತ್ತೇತಿ ಸೊಳ್ಳಿಗೆ ಅಂತ ನಾವಿಬ್ಬರೂ ನಕ್ಕೀವಿ.” ಅವಳ ಹೆಸರು ರೇಣವ್ವ. “ಆಕಿ ಗಂಡನ ಹೆಸರ ಹೇಳವಲ್ಲಳು, ಪಾಪ. ನನಗ ಅಂಥಾದ್ದೇನಿಲ್ಲರಿ. ನಮ್ಮನಿಯಾಂವನ ಹೆಸರ ಹಿಡದ ದಿನಾ ಬೈತೀನಿ. ಆಕಿ ಒಗಟಿನ್ಯಾಗ ತಿಳಿಸಿದ್ಲು, ಅದಕ್ಕ ಆಕಿದೂ ನಾನ ಹೇಳಿದೆ. ಯಾಕ್ರಿ? ತಪ್ಪಾತೇನು?”

ಶಾಲ್ಮಲಾ ಆಗಲೇ ಬಾಗಿಲು ದಾಟಿದ್ದಳು.

ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಬಿಳಿ ಮೀಸೆಯ ಮುದುಕನೊಬ್ಬ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನನ್ನು ದಾಟಿ ಅವಳು ಒಳಗೆ ನುಗ್ಗಿದಾಗ ಅರಿವಳಿಕೆಯ ಡಾಕ್ಟರ್ ಫರ್ಹಾನಾ ರಕ್ತದ ಚೀಲವನ್ನು ಕಂಬಕ್ಕೆ ತೂಗುಹಾಕಿ ಆಗಿತ್ತು. ಕೊಳವೆ ತುಳಸವ್ವನ ಕೈಗೆ ಸೇರಿತ್ತು. ನಡುವಿನ ತಿರುಪು ತಿರುಗಿಸಿ ರಕ್ತ ಬಿಡುವುದು ಮಾತ್ರ ಬಾಕಿ.

“ತಿರುಗಸಬ್ಯಾಡ್ರಿ!”

ಫರ್ಹಾನಾ ಬೆಚ್ಚಿ ಕೈ ತೆಗೆದಳು. “ಶಾಲ್ಮಲಾ? ಏನಾಯ್ತು? ತೊಡೆ ಒಳಗೇ ರಕ್ತ ಸೋರ್ತಾ ಇದೆ. ಬಿಪಿ ಇಳೀತಾ ಇದೆ. ನನಗೆ ಕಾಯೋಕೆ ಟೈಮಿಲ್ಲ.”

“ಇದು ಆಕಿ ಗುಂಪಲ್ಲ.”

“ಎರಡು ಸಲ ಖಚಿತ ಆಗಿದೆ.”

“ಎರಡೂ ಸಲ ಪಕ್ಕದಾಕಿ ರಕ್ತ. ಒಂದು ನಿಮಿಷ ಕೊಡ್ರಿ ನನಗ.”

ಅವಳು ತುಳಸವ್ವನ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಎರಡು ಕಡೆ ಹನಿ ಇಟ್ಟಳು. ಒಂದಕ್ಕೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ. ಬಿ ಗುಂಪಾಗಿದ್ದರೆ ಹಳದಿಯಲ್ಲಿ ರಕ್ತ ಒಡೆದ ಹಾಲಿನಂತೆ ಕಾಳುಕಾಳಾಗಬೇಕು. ಪಟ್ಟಿಯನ್ನು ಮೆಲ್ಲಗೆ ಓಲಾಡಿಸಿದಳು. ಫರ್ಹಾನಾ ಬಗ್ಗಿ ನೋಡಿದಳು. ನೀಲಿಯಲ್ಲಿ ರಕ್ತ ನಯವಾಗಿ ಹರಡಿತು. ಹಳದಿಯಲ್ಲೂ ನಯವಾಗಿ ಹರಡಿತು. ಕಾಯ್ದರು. ಕಾಳು ಕಟ್ಟಲಿಲ್ಲ.

“ಓ ಗುಂಪು,” ಎಂದಳು ಫರ್ಹಾನಾ. ಚೀಲವನ್ನು ಕಂಬದಿಂದ ಕಳಚಿ, ಹಾವನ್ನು ಹಿಡಿದಂತೆ ದೂರ ಹಿಡಿದಳು.

ಗಂಡಾಂತರ ಅಲ್ಲಿಗೆ ಮುಗಿಯಲಿಲ್ಲ. ತಪ್ಪು ರಕ್ತ ತಪ್ಪಿತ್ತು, ಸರಿಯಾದ ರಕ್ತ ಇನ್ನೂ ಬಂದಿರಲಿಲ್ಲ. ರಕ್ತನಿಧಿಯ ಕಪಾಟು ಮನುಷ್ಯರ ಮಾತಿಗೆ ಬಾಗಿಲು ತೆರೆಯುತ್ತಿರಲಿಲ್ಲ. ನಿಖರ ತೆಗೆದ ಕೊಳವೆ ಹೇಳಿದರೆ ಮಾತ್ರ ತೆರೆಯುತ್ತಿತ್ತು. ತುರ್ತಿಗೆಂದು ಹೊರಗಿಟ್ಟಿದ್ದ ಓ ಗುಂಪಿನ ಚೀಲಗಳು ಬೆಳಿಗ್ಗೆ ಬಸ್ಸಿನ ಅಪಘಾತದವರಿಗೆ ಖರ್ಚಾಗಿದ್ದವು. ಶಾಲ್ಮಲಾ ಬಳಿಗಾರರಿಗೆ ಮತ್ತೆ ಫೋನ್ ಮಾಡಿದಳು. ಈ ಸಲ ಅವರು ಪೂರ್ತಿ ಕೇಳಿಸಿಕೊಂಡರು. “ಕಪಾಟು ನಡಸೂ ಕೇಂದ್ರದವರು ಬೀಗ ತಗೀಬೇಕು,” ಎಂದರು ಒಣಗಿದ ದನಿಯಲ್ಲಿ. “ನಾ ಹಚ್ಚೇನಿ. ಲೈನಿನ್ಯಾಗ ಕಾಯಿರಿ ಅನ್ನಾಕತ್ಯಾರ.”

ತುಳಸವ್ವನ ಬಿಪಿ ಮತ್ತೊಂದು ಮೆಟ್ಟಿಲು ಇಳಿಯಿತು.

“ನಿಖರ ತರಸ್ರಿ,” ಎಂದಳು ಶಾಲ್ಮಲಾ.

ಯಂತ್ರ ಉರುಳಿಕೊಂಡು ಬಂದು ಮೇಜಿನ ಪಕ್ಕ ನಿಂತಿತು. “ಖಚಿತವಾದ ಗುಂಪನ್ನು ಬದಲಿಸಲು ರೋಗಿಯ ಸ್ವಂತ ಉತ್ತರ ಅಗತ್ಯ. ಮೂರು ಅವಕಾಶಗಳಿವೆ. ನಿಮ್ಮ ಹೆಸರನ್ನು ಹೇಳಿ.”

“ತುಳಸವ್ವ,” ಎಂದಳು ಮುದುಕಿ ಕಣ್ಣು ಮುಚ್ಚಿಕೊಂಡೇ.

“ಧನ್ಯವಾದ. ನಿಮ್ಮ ಪತಿಯ ಹೆಸರನ್ನು ಹೇಳಿ.”

ತುಳಸವ್ವನ ಕೈ ಸೆರಗಿಗಾಗಿ ತಡಕಾಡಿತು. ಆಸ್ಪತ್ರೆಯ ಹಸಿರು ನಿಲುವಂಗಿಯಲ್ಲಿ ಸೆರಗು ಎಲ್ಲಿಂದ ಬರಬೇಕು? ಅಂಗೈಯನ್ನೇ ಬಾಯಿಗೆ ಅಡ್ಡ ಹಿಡಿದಳು. ಫರ್ಹಾನಾ ತಡೆಯಲಾರದೆ ಬಾಯಿ ತೆರೆದಳು. ಶಾಲ್ಮಲಾ ಥಟ್ಟನೆ ಅವಳ ಬಾಯಿ ಮುಚ್ಚಿ ತಲೆ ಅಲ್ಲಾಡಿಸಿದಳು. ಯಾರು ಹೇಳಿದರೂ ಸೂಜಿ ಅವರ ಕಡೆಗೇ ತಿರುಗುತ್ತದೆ.

“ಉತ್ತರ ಬಂದಿಲ್ಲ. ಎರಡು ಅವಕಾಶಗಳಿವೆ.”

ಶಾಲ್ಮಲಾ ಮುದುಕಿಯ ಕಿವಿಯ ಬಳಿ ಬಗ್ಗಿದಳು. “ಅವ್ವಾ, ನೀವ ಹೇಳಬೇಕು. ಬ್ಯಾರೇದವರು ಹೇಳಿದರ ನಿಮಗ ರಕ್ತ ಸಿಗಾಂಗಿಲ್ಲ.”

“ಊರಮ್ಮನ ಹೆಸರಿಂದು ಐತ್ರಿ,” ಎಂದು ತುಳಸವ್ವ ಪಿಸುಗುಟ್ಟಿದಳು. “ನೀವ ತಿಳಕೋರಿ.”

“ನನಗ ಗೊತ್ತೈತಿ. ಅದಕ್ಕ ತಿಳಿಯಾಂಗಿಲ್ಲ.”

“ಹೆಸರ ಹಿಡದರ ಅವರ ಆಯುಷ್ಯ ಕಡಿಮಿ ಆಕ್ಕೈತ್ರಿ. ನಾ ಸತ್ತರ ಸಾಯಲಿ.”

ವಾದ ಮಾಡಬಹುದಿತ್ತು, ಹೊತ್ತಿರಲಿಲ್ಲ. ಶಾಲ್ಮಲಾ ಬಾಗಿಲು ತೆರೆದು ಬೆಂಚಿನ ಮೇಲಿದ್ದ ಮುದುಕನನ್ನು ಎಬ್ಬಿಸಿ ತಂದು ಹೊಸ್ತಿಲಲ್ಲಿ ನಿಲ್ಲಿಸಿದಳು. “ಯಜಮಾನ್ರ, ನಿಮ್ಮ ಹೆಸರ ಹೇಳಾಕ ನಿಮ್ಮ ಮನಿಯವರಿಗೆ ಅಪ್ಪಣಿ ಕೊಡ್ರಿ. ಆದರ ನೀವು ಮಾತ್ರ ಹೆಸರ ಎತ್ತಬ್ಯಾಡ್ರಿ.”

ಮುದುಕ ಹೆಂಡತಿಯನ್ನು ನೋಡಿದ. ಯಂತ್ರವನ್ನು ನೋಡಿದ. ಏನು ಅರ್ಥವಾಯಿತೋ, ಗದರುವ ದನಿಯಲ್ಲೇ ಹೇಳಿದ: “ಏಯ್, ಹೇಳಬಿಡ. ಹೆಸರ ಹಿಡದರ ಸಾಯುವಷ್ಟ ಹಗುರ ಮನಿಷ್ಯಾ ಅಲ್ಲ ನಾ. ಕುಲಿಮ್ಯಾಗ ಸುಟ್ಟಗೊಂಡ ಮೈ ಇದು. ನೀ ಹ್ವಾದರ ಮಾತ್ರ ನಾ ಉಳಿಯಾಂಗಿಲ್ಲ, ತಿಳಕೋ.”

ಶಾಲ್ಮಲಾ ಅವನನ್ನು ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡಳು.

“ನಿಮ್ಮ ಪತಿಯ ಹೆಸರನ್ನು ಹೇಳಿ.”

 ತುಳಸವ್ವನ ತುಟಿಗಳು ಒಂದು ಆಕಾರಕ್ಕೆ ಬಂದವು. ಬಂದದ್ದು ಗಾಳಿ ಮಾತ್ರ.

“ಸ್ಪಷ್ಟವಾಗಿ ಕೇಳಿಸಲಿಲ್ಲ. ಒಂದು ಅವಕಾಶವಿದೆ. ದಯವಿಟ್ಟು ಗಟ್ಟಿಯಾಗಿ ಹೇಳಿ.”

ಮಾನಿಟರಿನ ಸದ್ದು ಬದಲಾಗಿತ್ತು. ಫರ್ಹಾನಾ ಅದರ ಕಡೆ ನೋಡಲಿಲ್ಲ, ನೋಡುವ ಧೈರ್ಯ ಶಾಲ್ಮಲಾಗೂ ಇರಲಿಲ್ಲ. ಅವಳು ತುಳಸವ್ವನ ಕೈಯನ್ನು ಬಾಯಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ತಣ್ಣಗಿತ್ತು. ಹೇಳು ಎನ್ನಲಿಲ್ಲ. ಆ ಕ್ಷಣದಲ್ಲಿ ತಾನು ಒಂದು ಮಾತಾಡಿದರೂ ಅದು ಅಡ್ಡ ಬಂದೀತೆಂದು ಉಸಿರನ್ನೂ ಹಿಡಿದಳು.

“ನಿಮ್ಮ ಪತಿಯ ಹೆಸರನ್ನು,” ಎಂದು ಶುರು ಮಾಡಿತು ನಿಖರ ಅದೇ ಸೋಪಿನ ದನಿಯಲ್ಲಿ, “ಗಟ್ಟಿಯಾಗಿ ಹೇಳಿ.”

ತುಳಸವ್ವ ಕಣ್ಣು ಬಿಟ್ಟಳು. ಆ ಕಣ್ಣಿನಲ್ಲಿ ಭಯವಿರಲಿಲ್ಲ, ಶುದ್ಧ ಸಿಟ್ಟು ಇತ್ತು. ವಸೂಲಿಗೆ ಬಾಗಿಲಿಗೆ ಬಂದ ಸಾಲ ಕೊಟ್ಟವನಂತೆ ಬಿಡದೆ ಪೀಡಿಸುವ ಈ ಗಂಟುಬಿದ್ದ ಯಂತ್ರದ ಮೇಲಿನ ಸಿಟ್ಟು. ಮೈಯಲ್ಲಿ ಉಳಿದಿದ್ದ ರಕ್ತವೆಲ್ಲ ಗಂಟಲಿಗೇ ಬಂದಂತೆ ಅವಳು ಕಿರುಚಿದಳು:

“ದ್ಯಾಮಪ್ಪಾ! ದ್ಯಾಮಪ್ಪಾ! ಕೇಳಿಸಿತೇನ ನಿನಗ, ಕಿವುಡ ಮುಂಡೇದ?”

“ಧನ್ಯವಾದ. ನಿಮ್ಮ ಗುರುತು ಖಚಿತವಾಗಿದೆ.”

ಬೈಗುಳ ಅದಕ್ಕೆ ತಟ್ಟಲಿಲ್ಲ. ತೋಳು ತುಳಸವ್ವನ ಕಡೆ ತಿರುಗಿತು. ಬೆಳಕು ಅವಳ ಮುಂಗೈ ಮೇಲೆ ಹರಿದಾಡಿ ಒಂದು ಕಡೆ ನಿಂತಿತು. ಸೂಜಿ ಇಳಿಯಿತು, ಕೊಳವೆ ಕೆಂಪಾಯಿತು, ಗಾಜಿನ ಮೇಲೆ ಅವಳ ಹೆಸರು ಅಕ್ಷರ ಅಕ್ಷರವಾಗಿ ಮೂಡಿತು. ಫರ್ಹಾನಾ ಅದನ್ನು ಕಿತ್ತುಕೊಂಡವಳೇ ಓಡಿದಳು.

ಅವಳು ಮರಳಿ ಬರುವವರೆಗೆ ಶಾಲ್ಮಲಾ ಆ ತಣ್ಣನೆಯ ಕೈಯನ್ನು ತನ್ನ ಅಂಗೈಗಳ ನಡುವೆ ತಿಕ್ಕುತ್ತಲೇ ಇದ್ದಳು. ಬಂದ ಚೀಲದ ಮೇಲೆ ಓ ಎಂದು ಬರೆದಿತ್ತು. ಆದರೂ ಅವಳು ಅದರ ಒಂದು ಹನಿಯನ್ನೂ ತುಳಸವ್ವನ ಒಂದು ಹನಿಯನ್ನೂ ಗಾಜಿನ ಮೇಲೆ ಕೈಯಾರೆ ನೋಡಿದಳು. ಹಳದಿಯಲ್ಲಿ, ನೀಲಿಯಲ್ಲಿ, ಎರಡೂ ನಯವಾಗಿ ಹರಡಿದವು. ಆಮೇಲೆ ತಿರುಪು ತಿರುಗಿತು. ಹನಿ ಬೀಳತೊಡಗಿತು. ಸ್ವಲ್ಪ ಹೊತ್ತಿಗೆ ಮಾನಿಟರಿನ ಸದ್ದು ಅಂಕೆಗೆ ಬಂತು.

ಬಳಿಗಾರರ ಫೋನ್ ಬಂತು. ಕೇಂದ್ರದವರು ಇನ್ನೂ ಕಾಯಿಸುತ್ತಿದ್ದರು. “ಮೇಡಂ,” ಎಂದು ತಡೆದರು. “ಹೆಂಗಸರ ವಾರ್ಡಿನ್ಯಾಗ ಇಷ್ಟು ದಿನ ತಗೊಂಡ ಮಾದರಿ...” ಆ ವಾಕ್ಯವನ್ನು ಅವರೂ ಮುಗಿಸಲಿಲ್ಲ, ಅವಳೂ ಮುಗಿಸಲಿಲ್ಲ. ಆ ಉತ್ತರಗಳನ್ನು ಯಾರು ಯಾರು ಹೇಳಿದ್ದರೆಂದು ಇನ್ನು ತಿಳಿಯುವ ದಾರಿಯೇ ಇರಲಿಲ್ಲ. ಧ್ವನಿಗಳೆಲ್ಲ ಅಳಿಸಿಹೋಗಿದ್ದವು. “ಸೊಳ್ಳೀನ ನಿಲ್ಲಸ್ರಿ ಸರ್,” ಎಂದಳು ಅವಳು. “ಅಲ್ಲಿರೋ ಎಲ್ಲರ ರಕ್ತಾನೂ ಇವತ್ತ ನಾವ ಕೈಯಿಂದ ತಗೋಬೇಕು.”

ಅವಳು ಏಳುವಾಗ ತುಳಸವ್ವ ಬೆರಳು ಬಿಗಿಹಿಡಿದಳು. ಮುಖಕ್ಕೆ ಬಣ್ಣ ಮರಳುತ್ತಿತ್ತು, ಅದು ಹೊಸ ರಕ್ತದ್ದೋ ನಾಚಿಕೆಯದ್ದೋ ಹೇಳುವಂತಿರಲಿಲ್ಲ.

“ಅವರಿಗೆ ಕೇಳಿಸಿತೇನ್ರಿ?”

“ಇಡೀ ಆಸ್ಪತ್ರಿಗೆ ಕೇಳಿಸೇತಿ, ಅವ್ವಾ.”

“ಏನಂದ್ರು?”

ಶಾಲ್ಮಲಾಗೆ ಆ ಸದ್ದು ಈಗಲೂ ಕಿವಿಯಲ್ಲಿತ್ತು. ಬಾಗಿಲ ಆಚೆಯಿಂದ, ತಡವಾಗಿ, ಹೊಲದ ಆ ಬದುವಿನಿಂದ ಯಾರೋ ಕರೆದದ್ದಕ್ಕೆ ಬಂದಂತೆ.

“‘ಓ’ ಅಂದ್ರು.”